ನೆರೆ ಪರಿಹಾರ: ಸಾಮಾನಿನ ಪಟ್ಟಿ ರೆಡಿ ಇದೆ, ಜನ ಎಷ್ಟು ಬೇಕು ಅನ್ನೋ ಲೆಕ್ಕ ಹೇಗೆ ಹಾಕೋದು?

ಮಳೆಗಾಲದ_ತಯಾರಿ:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಪ್ರಶ್ನೆ, ದಯವಿಟ್ಟು ಪೂರ್ತಿ ಓದಿ.

ನಾನು ಇತ್ತೀಚೆಗೆ ಒಂದು ಸಣ್ಣ ಪರಿಹಾರ ಸಂಸ್ಥೆಗೆ ಸೇರಿದೀನಿ. ಇದಕ್ಕೆ ಮುಂಚೆ ಒಂದು ಕಂಪನಿ ಗೋದಾಮಲ್ಲಿ ಖರೀದಿ, ಸ್ಟಾಕು ನೋಡ್ಕೊಳ್ತಿದ್ದೆ, ಹಾಗಾಗಿ ಲಾರಿ, ರಿಜಿಸ್ಟರು, ಸಪ್ಲೈಯರು ಇದೆಲ್ಲ ಗೊತ್ತು, ನೆರೆ ಕೆಲಸ ಮಾತ್ರ ಹೊಸದು. ನದಿ ಉಕ್ಕಿದ್ರೆ ಸುಮಾರು 2,000 ಕುಟುಂಬ, ಅಂದ್ರೆ ಹತ್ತಿರ ಹತ್ತಿರ 10,000 ಜನರನ್ನ ಒಂದು ತಿಂಗಳು ನೋಡ್ಕೊಳ್ಬೇಕು ಅನ್ನೋದು ಪ್ಲಾನು. ಸಾಮಾನಿನ ಪಟ್ಟಿ ಹೆಚ್ಚೂಕಮ್ಮಿ ಆಗಿದೆ. ದವಸ, ಬೇಳೆ, ಎಣ್ಣೆ, ಟಾರ್ಪಾಲು, ಕಂಬಳಿ, ಸೊಳ್ಳೆ ಪರದೆ, ನೀರಿನ ಕ್ಯಾನು, ಸೋಪು, ಹೆಣ್ಮಕ್ಕಳಿಗೆ ಪ್ಯಾಡು, ಹೀಗೆ. ಮೀಟಿಂಗಲ್ಲಿ ಎಲ್ರೂ ಈ ಪಟ್ಟಿ ಬಗ್ಗೆನೇ ಮಾತಾಡ್ತಾರೆ, ಅದನ್ನ ಇನ್ನೂ ಉದ್ದ ಮಾಡೋದು ಹೇಗೆ ಅಂತ. ಆದ್ರೆ ಇದನ್ನ ಇಳಿಸ್ಕೊಳ್ಳೋರು ಯಾರು, ಎಣಿಸೋರು ಯಾರು, ರಾತ್ರಿ ಕಾಯೋರು ಯಾರು ಅಂತ ನಾನು ಕೇಳಿದ್ರೆ "ಅಷ್ಟೊತ್ತಿಗೆ ವಾಲಂಟಿಯರ್ಸ್ ಬರ್ತಾರೆ ಬಿಡಿ" ಅಂತಾರೆ. ಕಾಯಂ ಸಿಬ್ಬಂದಿ ಇರೋದೇ ಹತ್ತು-ಹನ್ನೆರಡು ಜನ, ಅದ್ರಲ್ಲೂ ಅರ್ಧ ಲೆಕ್ಕಪತ್ರ, ರಿಪೋರ್ಟು ಬರೆಯೋರು.

ನನಗೆ ಬೇಕಿರೋದು ಇಷ್ಟು: ಇಷ್ಟು ಸಾಮಾನಿಗೆ ಇಷ್ಟು ಕೈ ಬೇಕು ಅನ್ನೋದಕ್ಕೆ ಏನಾದ್ರೂ ಲೆಕ್ಕ ಇದ್ಯಾ? ಕುಡಿಯೋ ನೀರನ್ನ ಟ್ಯಾಂಕರಲ್ಲಿ ತರಬೇಕಾ ಬೇಡ್ವಾ? ರಸ್ತೆ ಕಡಿದು ಹೋದ್ರೆ ಏನು ಮಾಡ್ತೀರಿ? ಕೊನೆಗೆ, ಎಲ್ಲಿಂದಲೋ ಕೇಳದೇ ಬಂದು ಬೀಳೋ ಬಟ್ಟೆಬರೆ, ಔಷಧಿ ಇವನ್ನ ಹೇಗೆ ನಿಭಾಯಿಸೋದು? ಅನುಭವ ಇರೋರು ದಯವಿಟ್ಟು ಬರೀರಿ, ಮುಂದಿನ ಮೀಟಿಂಗಲ್ಲಿ ಇಟ್ಕೊಂಡು ಮಾತಾಡೋಕೆ ನನಗೆ ಗಟ್ಟಿ ಅಂಕಿ ಬೇಕಾಗಿದೆ.


ಗೋಣಿ_ಲೆಕ್ಕ:

ಸರ್, ನೀವು ಕೇಳಿದ ಪ್ರಶ್ನೆನೇ ಸರಿಯಾದ ಪ್ರಶ್ನೆ, ಮೀಟಿಂಗಲ್ಲಿ ಬಿಟ್ಕೊಡಬೇಡಿ. ನಾನು ಪರಿಹಾರದ ಗೋದಾಮುಗಳಲ್ಲೇ ಕೆಲಸ ಮಾಡ್ಕೊಂಡು ಬಂದಿರೋನು, ನೆರೆಯಲ್ಲಿ ಸಾಮಾನು ಕಮ್ಮಿ ಆಗಿ ಕೆಲಸ ನಿಂತಿದ್ದಕ್ಕಿಂತ ಸಾಮಾನು ಗೇಟಿನ ಹತ್ರ ಬಂದು ಇಳಿಸೋರಿಲ್ದೆ, ಬರ್ಕೊಳ್ಳೋರಿಲ್ದೆ ನಿಂತಿದ್ದನ್ನೇ ಜಾಸ್ತಿ ನೋಡಿದೀನಿ.

ಮೊದ್ಲು ತೂಕದ ಲೆಕ್ಕ ಹಾಕಿ, ಆಮೇಲೆ ಜನದ ಲೆಕ್ಕ ತಾನಾಗೇ ಬರ್ತದೆ. ಸ್ಫಿಯರ್ ಕೈಪಿಡಿ ಇದ್ಯಲ್ಲ, ಪರಿಹಾರ ಕೆಲಸದ ಕನಿಷ್ಠ ಮಟ್ಟ ಹೇಳೋ ಪುಸ್ತಕ, ಎಲ್ಲ ಸಂಸ್ಥೆಗಳೂ ಇಟ್ಕೊಳ್ಳೋದು, ಅದ್ರಲ್ಲಿ ಒಬ್ಬರಿಗೆ ದಿನಕ್ಕೆ 2,100 ಕಿಲೋಕ್ಯಾಲೊರಿ ಅಂತ ಇಟ್ಕೊಂಡು ಶುರು ಮಾಡ್ತಾರೆ. ದವಸ, ಬೇಳೆ, ಎಣ್ಣೆ, ಉಪ್ಪು ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ ಅರ್ಧ ಕೆಜಿ ಆಸುಪಾಸು ಬರ್ತದೆ. 10,000 ಜನ, 30 ದಿನ, ಅಂದ್ರೆ 150 ಟನ್. ಹತ್ತು ಟನ್ನಿನ ಲಾರಿ ಆದ್ರೆ 15 ಲಾರಿ. ಟಾರ್ಪಾಲು 4 ಮೀಟರ್ ಬೈ 6 ಮೀಟರಿಂದು ಕುಟುಂಬಕ್ಕೆ ಎರಡು ಅಂದ್ರೆ 4,000 ಪೀಸು, ಒಂದೊಂದು ನಾಲ್ಕೂವರೆ ಕೆಜಿ ಹತ್ರ ಇರ್ತದೆ, ಅದು 18 ಟನ್. ಸೋಪು ಮೈಗೆ 250 ಗ್ರಾಂ, ಬಟ್ಟೆಗೆ 200 ಗ್ರಾಂ ತಲಾ ತಿಂಗಳಿಗೆ, ನಾಲ್ಕೂವರೆ ಟನ್. ಕಂಬಳಿ, ಪರದೆ, ಕ್ಯಾನು ಎಲ್ಲ ಸೇರಿಸಿದ್ರೆ ಒಟ್ಟು 200 ಟನ್ ಅಂತ ಇಟ್ಕೊಳ್ಳಿ.

ಈಗ ಮುಖ್ಯ ವಿಷ್ಯಕ್ಕೆ ಬನ್ನಿ. ಈ 200 ಟನ್ನನ್ನ ನೀವು ಒಂದು ಸಲ ಎತ್ತಲ್ಲ. ಲಾರಿಯಿಂದ ಇಳಿಸಿ ಅಟ್ಟಿ ಹಾಕೋದು ಒಂದು, ಅಟ್ಟಿಯಿಂದ ತೆಗೆದು ಕುಟುಂಬಕ್ಕೆ ಇಷ್ಟು ಅಂತ ಕಟ್ಟೋದು ಎರಡು, ಮತ್ತೆ ಸಣ್ಣ ಗಾಡಿಗೆ ಏರಿಸೋದು ಮೂರು, ಹಂಚೋ ಜಾಗದಲ್ಲಿ ಇಳಿಸೋದು ನಾಲ್ಕು. ಮಧ್ಯೆ ಒಂದು ಸೇತುವೆ ಹೋಗಿದ್ರೆ ಅಲ್ಲಿ ಇನ್ನೆರಡು ಸಲ. ಅಲ್ಲಿಗೆ ಎತ್ತೋ ತೂಕ 800 ಟನ್, ಸೇತುವೆ ಹೋಗಿದ್ರೆ 1,200 ಟನ್ ಆಯ್ತು, ಎಲ್ಲ ಮನುಷ್ಯರ ಬೆನ್ನ ಮೇಲೆ, ಮಳೆಯಲ್ಲಿ, ಜಾರೋ ಹಲಗೆ ಮೇಲೆ. 50 ಕೆಜಿ ಮೂಟೆ ಇರೋ ಹತ್ತು ಟನ್ ಲಾರಿಲಿ 200 ಮೂಟೆ. ಹತ್ತು ಜನ ಹಮಾಲರ ಒಂದು ತಂಡಕ್ಕೆ ಒಂದೂವರೆ ಗಂಟೆ ಬೇಕು, ಮಳೆ ಇದ್ರೆ ಎರಡರ ಮೇಲೆ. ಮಧ್ಯಾಹ್ನ ಒಟ್ಟಿಗೆ ಐದು ಲಾರಿ ಬಂದು ನಿಂತ್ರೆ ಒಂದೇ ತಂಡ ಇದ್ರೆ ಕೊನೇ ಲಾರಿ ಖಾಲಿಯಾಗೋದು ರಾತ್ರಿಗೆ. ಅಷ್ಟೊತ್ತು ಡ್ರೈವರ್ ಕಾಯ್ತಾ ಇರ್ತಾನೆ, ವೇಟಿಂಗ್ ಚಾರ್ಜು ಏರ್ತಾ ಇರ್ತದೆ, ನಾಳೆ ಬರ್ಬೇಕಿದ್ದ ಟ್ರಿಪ್ಪೂ ತಪ್ಪಿ ಹೋಗ್ತದೆ.

ಹಮಾಲಿ ಕೆಲಸಕ್ಕೆ ವಾಲಂಟಿಯರ್ಸ್ ನೆಚ್ಕೋಬೇಡಿ ಸರ್. ಹುಡುಗ್ರು ಉತ್ಸಾಹದಿಂದ ಬರ್ತಾರೆ, ಅದು ದೊಡ್ಡ ಗುಣ, ಆದ್ರೆ ಮೂಟೆ ಎತ್ತಿ ಅಭ್ಯಾಸ ಇಲ್ದಿರೋರು ಎರಡನೇ ದಿನಕ್ಕೆ ಸೊಂಟ ಹಿಡ್ಕೊಂಡು ಕೂತಿರ್ತಾರೆ. ನೆರೆ ಬಂದು ಕೂಲಿ ಕಳ್ಕೊಂಡೋರು ಅದೇ ಊರಲ್ಲಿ ಎಷ್ಟೋ ಜನ ಇರ್ತಾರೆ, ಅವರನ್ನ ದಿನಗೂಲಿ ಕೊಟ್ಟು ತಗೊಳ್ಳಿ, ಹಾಜರಿ ಬರೀರಿ, ಅವತ್ತಿನ ದುಡ್ಡು ಅವತ್ತೇ ಕೊಡಿ. ಕೈಗವಸು, ಬೂಟು ಕೊಡಿ. ವಾಲಂಟಿಯರ್ಸ್‌ಗೆ ಎಣಿಕೆ, ಚೀಟಿ ಬರೆಯೋದು, ಕ್ಯೂ ನೋಡ್ಕೊಳ್ಳೋದು, ವಯಸ್ಸಾದವ್ರಿಗೆ ಕೈ ಹಿಡಿಯೋದು, ಇದೆಲ್ಲ ಕೊಡಿ.

ಗೋದಾಮಿಗೆ ಅಂತ ಬಿಡೋಕೇ ಆಗದ ಹುದ್ದೆ ಅಂದ್ರೆ ಸ್ಟೋರ್ ಕೀಪರ್ ಒಬ್ಬ, ಅವನಿಗೆ ಬದಲಿ ಒಬ್ಬ, ಎಣಿಸೋಕೆ ಇಬ್ಬರು, ಲಾರಿ ಮತ್ತೆ ವೇಬಿಲ್ (ಲೋಡಿನ ಜೊತೆ ಹೋಗೋ ಸಾಮಾನಿನ ಚೀಟಿ) ನೋಡ್ಕೊಳ್ಳೋಕೆ ಒಬ್ಬ, ರಾತ್ರಿ-ಹಗಲು ಪಾಳಿಲಿ ಕಾವಲಿಗೆ ನಾಲ್ಕು ಜನ. ಪ್ರತಿ ಅಟ್ಟಿಗೂ ಬಿನ್ ಕಾರ್ಡ್ ನೇತು ಹಾಕಿ, ಬಂದಿದ್ದು, ಹೋಗಿದ್ದು, ಉಳಿದಿದ್ದು ಅಲ್ಲೇ ಬರೀಬೇಕು, ಸಂಜೆ ಕಂಪ್ಯೂಟರಿಗೆ ಹಾಕೋಣ ಅಂದ್ರೆ ಆಗಲ್ಲ, ಕರೆಂಟೇ ಇರಲ್ಲ. ಅಟ್ಟಿ ಪ್ಯಾಲೆಟ್ (ನೆಲಕ್ಕೆ ತಾಗದ ಹಾಗೆ ಇಡೋ ಹಲಗೆ ಚೌಕಟ್ಟು) ಮೇಲೇ ಇರ್ಬೇಕು, ಗೋಡೆಯಿಂದ ಜನ ಓಡಾಡೋಷ್ಟು ಜಾಗ ಬಿಡ್ಬೇಕು. ಒದ್ದೆ ಮೂಟೆ ಬಂದ್ರೆ ಅದನ್ನ ಒಳಗೆ ಸೇರಿಸ್ಲೇಬೇಡಿ, ಬೇರೆ ಇಡಿ, ಒಂದು ಒದ್ದೆ ಮೂಟೆ ಇಡೀ ಅಟ್ಟಿಗೆ ಬೂಷ್ಟು ಹಿಡಿಸ್ತದೆ.

ನೀರಿನ ವಿಷ್ಯ ಬೇರೆ ಪೋಸ್ಟಲ್ಲಿ ಬರೀತೀನಿ, ಅದು ತುಂಬಾ ಮುಖ್ಯ.


ಗೋಣಿ_ಲೆಕ್ಕ:

ನೀರು. ಒಬ್ಬರಿಗೆ ದಿನಕ್ಕೆ 15 ಲೀಟರ್ ಅನ್ನೋದು ಸ್ಫಿಯರ್ ಹೇಳೋ ಕನಿಷ್ಠ, ಕುಡಿಯೋಕೆ, ಅಡಿಗೆಗೆ, ತೊಳೆಯೋಕೆ ಎಲ್ಲ ಸೇರಿ. ನಿಮ್ಮ 10,000 ಜನಕ್ಕೆ ದಿನಕ್ಕೆ 1,50,000 ಲೀಟರ್, ಅಂದ್ರೆ 150 ಟನ್. ಗಮನಿಸಿ ಸರ್, ಇಡೀ ತಿಂಗಳಿನ ಆಹಾರದ ತೂಕ ಎಷ್ಟೋ ಒಂದೇ ದಿನದ ನೀರಿನ ತೂಕ ಅಷ್ಟು. ತಿಂಗಳಿಗೆ 4,500 ಟನ್ ನೀರನ್ನ ಕಡಿದು ಹೋದ ರಸ್ತೆಲಿ ಟ್ಯಾಂಕರಲ್ಲಿ ಹೊಡೀತೀನಿ ಅಂದ್ರೆ ನಿಮ್ಮ ಡೀಸೆಲ್ಲು, ಗಾಡಿ, ಡ್ರೈವರ್‌ಗಳು ಎಲ್ಲ ಅದಕ್ಕೇ ಹೋಗ್ತದೆ. ಬಾಟಲ್ ನೀರು ಅಂತೂ ಮೊದಲ ಒಂದೆರಡು ದಿನ ಮಾತ್ರ.

ಅದೇ ನೀರನ್ನ ಅಲ್ಲೇ ಶುದ್ಧ ಮಾಡಿದ್ರೆ ಏನಾಗ್ತದೆ ನೋಡಿ. ನೆರೆ ನೀರು ಕೆಸರಾಗಿರ್ತದೆ, ಮೊದ್ಲು ಪಟಿಕ ಹಾಕಿ ಕೆಸರು ತಳಕ್ಕೆ ಕೂರಿಸ್ಬೇಕು, ಲೀಟರಿಗೆ 100 ಮಿಲಿಗ್ರಾಂ ಅಂತ ಧಾರಾಳವಾಗೇ ಹಿಡಿದ್ರೂ ದಿನಕ್ಕೆ 15 ಕೆಜಿ ಸಾಕು. ಆಮೇಲೆ ಕ್ಲೋರಿನ್. ಲೀಟರಿಗೆ 3 ಮಿಲಿಗ್ರಾಂ ಬೇಕು ಅಂದ್ಕೊಂಡ್ರೆ 65 ಪರ್ಸೆಂಟ್ ಶಕ್ತಿ ಇರೋ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿ ದಿನಕ್ಕೆ 700 ಗ್ರಾಂ ಹತ್ರ. ಅಂದ್ರೆ 150 ಟನ್ನಿನ ಜಾಗದಲ್ಲಿ 16 ಕೆಜಿ. ಜೊತೆಗೆ ಪಂಪು, ಮಡಚೋ ಟ್ಯಾಂಕು, ನಲ್ಲಿ ಸ್ಟ್ಯಾಂಡು. ನಿಜವಾದ ಡೋಸ್ ಎಷ್ಟು ಅನ್ನೋದನ್ನ ಆಯಾ ನೀರಿಗೆ ಪರೀಕ್ಷೆ ಮಾಡೇ ನಿರ್ಧರಿಸ್ಬೇಕು, ನಾನು ಬರೆದಿರೋದು ತೂಕದ ಅಂದಾಜಿಗೆ ಮಾತ್ರ.

ಆದ್ರೆ ಆ 16 ಕೆಜಿ ಕೆಲಸ ಮಾಡ್ಬೇಕು ಅಂದ್ರೆ ಗೊತ್ತಿರೋ ಇಬ್ಬರು ಆಪರೇಟರ್ ಬೇಕೇ ಬೇಕು. ಡೋಸ್ ಕಮ್ಮಿ ಆದ್ರೆ ಭೇದಿ, ಕಾಲರಾ ಹರಡ್ತದೆ, ಜಾಸ್ತಿ ಆದ್ರೆ ವಾಸನೆಗೆ ಜನ ಕುಡಿಯಲ್ಲ, ಮತ್ತೆ ಹೊಳೆ ನೀರಿಗೇ ಹೋಗ್ತಾರೆ. ನಲ್ಲಿ ಹತ್ರ ಉಳಿಕೆ ಕ್ಲೋರಿನ್, ಅಂದ್ರೆ ನೀರಲ್ಲಿ ಇನ್ನೂ ಉಳಿದಿರೋ ಕ್ಲೋರಿನ್, ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಒಳಗೆ ಇದ್ಯಾ ಅಂತ ದಿನಾ ನೋಡ್ಬೇಕು, ಬರೀಬೇಕು. ಇಬ್ಬರು ತರಬೇತಿ ಆದ ಜನ ದಿನಕ್ಕೆ ಹದಿನೈದು ಲಾರಿ ಲೋಡು ಉಳಿಸ್ತಾರೆ ಅನ್ನೋದನ್ನ ನಿಮ್ಮ ಮೀಟಿಂಗಲ್ಲಿ ಹೇಳಿ, ಸಿಬ್ಬಂದಿ ಮೇಲೆ ಯಾಕೆ ಖರ್ಚು ಅಂತ ಕೇಳೋರಿಗೆ ಇದಕ್ಕಿಂತ ಒಳ್ಳೆ ಉತ್ತರ ನನಗೆ ಗೊತ್ತಿಲ್ಲ.


ಪಾಳಿ_ಪಟ್ಟಿ:

ಗೋಣಿಲೆಕ್ಕ ಅಣ್ಣ ಬರೆದಿದ್ದಕ್ಕೆ ನನ್ನದೂ ಒಂದಿಷ್ಟು ಸೇರಿಸ್ತೀನಿ, ನಾನು ಸಿಬ್ಬಂದಿ ಕಡೆ ಕೆಲಸ ಮಾಡೋಳು.

ಮೊದಲನೇ ಮಾತು, ನಿಮ್ಮ ಆ ಹತ್ತು-ಹನ್ನೆರಡು ಜನ ಇರೋದೆಲ್ಲಿ? ಅದೇ ನದಿ ಬಯಲಲ್ಲಿ ತಾನೇ? ಹಾಗಾದ್ರೆ ನೀರು ಬಂದ ದಿನ ಅವರ ಮನೇಗೂ ನೀರು ಬಂದಿರ್ತದೆ, ಅವರ ಅಪ್ಪ ಅಮ್ಮ, ಮಕ್ಕಳನ್ನ ಅವರೇ ಮೇಲಕ್ಕೆ ಸಾಗಿಸ್ಬೇಕು. ಎಷ್ಟೋ ಪ್ಲಾನುಗಳು ಇಲ್ಲೇ ಮುರಿದು ಬೀಳ್ತವೆ, ಕಾಗದದ ಮೇಲೆ ಹನ್ನೆರಡು ಜನ ಇರ್ತಾರೆ, ಮೊದಲ ಮೂರು ದಿನ ಕೈಗೆ ಸಿಗೋದು ನಾಲ್ಕೋ ಐದೋ ಜನ. ಇದು ಅವರ ತಪ್ಪಲ್ಲ. ಪ್ರತಿ ಹುದ್ದೆಗೂ ಎತ್ತರದ ಜಾಗದಲ್ಲಿ ಇರೋ ಒಬ್ಬರನ್ನ ಬದಲಿ ಅಂತ ಈಗ್ಲೇ ಬರೆದಿಡಿ, ಅವರ ಒಪ್ಪಿಗೆನೂ ತಗೊಳ್ಳಿ. ನಿಮ್ಮ ಸಿಬ್ಬಂದಿ ಕುಟುಂಬಕ್ಕೆ ಮೊದ್ಲು ಜಾಗ, ಸ್ವಲ್ಪ ಮುಂಗಡ ಸಂಬಳ ಕೊಡೋ ವ್ಯವಸ್ಥೆ ಇಟ್ಕೊಳ್ಳಿ. ಮನೆಯವ್ರು ಸೇಫ್ ಇದಾರೆ ಅಂತ ಗೊತ್ತಾದ್ರೆ ಅವರೇ ಓಡಿ ಬರ್ತಾರೆ, ಬೇಡ ಅಂದ್ರೂ ಬರ್ತಾರೆ.

ಎರಡನೇದು, ವಾರದಲ್ಲಿ ಏಳೂ ದಿನ ನಡೀಬೇಕಾದ ಹುದ್ದೆ ಒಂದಿದ್ರೆ ಅದಕ್ಕೆ ಒಬ್ಬರನ್ನ ಲೆಕ್ಕ ಹಾಕಬೇಡಿ, ಒಂದೂವರೆ ಅಂತ ಹಾಕಿ. 30 ಹುದ್ದೆಗೆ 45 ಜನ. ಮೊದಲ ವಾರ ಯಾರೂ ರಜೆ ಕೇಳಲ್ಲ, ನಿದ್ದೆನೂ ಮಾಡಲ್ಲ, ಎಲ್ರೂ ಮಾಡ್ತೀನಿ ಮಾಡ್ತೀನಿ ಅಂತಾರೆ. ಎರಡನೇ ವಾರಕ್ಕೆ ಜ್ವರ, ಜಗಳ, ಲೆಕ್ಕದಲ್ಲಿ ತಪ್ಪು, ಗಾಡಿ ಆಕ್ಸಿಡೆಂಟು ಶುರು ಆಗ್ತವೆ. ವಿಶ್ರಾಂತಿ ದಿನ ಪಟ್ಟಿಲಿ ಬರೆದು ಕಡ್ಡಾಯ ಮಾಡಿ, ಮೇಲಧಿಕಾರಿಯಿಂದಲೇ ಶುರು ಮಾಡಿ, ಅವರೇ ಮನೆಗೆ ಹೋಗ್ದಿದ್ರೆ ಕೆಳಗಿನೋರು ಹೋಗಲ್ಲ. ಹೊರಗಿಂದ ಎರಡು ವಾರ, ನಾಲ್ಕು ವಾರಕ್ಕೆ ಅಂತ ಬರೋ ಅನುಭವಸ್ಥರು ಇರ್ತಾರಲ್ಲ, ಅವರು ಹೋಗೋ ದಿನನೇ ಹೊಸಬರು ಬಂದ್ರೆ ಎಲ್ಲ ಮೊದಲಿಂದ ಶುರು. ಕಡೇ ಪಕ್ಷ ಎರಡು ದಿನ ಇಬ್ಬರೂ ಒಟ್ಟಿಗೆ ಇರ್ಬೇಕು. ಯಾವ ಸಪ್ಲೈಯರ್ ಜೊತೆ ಮಾತು ಎಲ್ಲಿಗೆ ಬಂದಿದೆ, ಯಾರಿಗೆ ದುಡ್ಡು ಬಾಕಿ, ಕೀಲಿ ಯಾರ ಹತ್ರ, ಇದನ್ನೆಲ್ಲ ಬರವಣಿಗೆಲಿ ಕೊಟ್ಟು ಹೋಗ್ಬೇಕು.

ಮೂರನೇದು. ಖರೀದಿ ಬೇಕು ಅಂತ ಬರೆಯೋರು, ಖರೀದಿ ಮಾಡೋರು, ಸಾಮಾನು ಇಳಿಸ್ಕೊಂಡು ಸಹಿ ಹಾಕೋರು, ದುಡ್ಡು ಕೊಡೋರು, ಇವೆಲ್ಲ ಒಬ್ಬರೇ ಆಗ್ಬಾರದು. ಸಣ್ಣ ಸಂಸ್ಥೆಲಿ ಇದು ಕಷ್ಟ ಅಂತ ಗೊತ್ತು, ಆದ್ರೂ ಎರಡು ಕೈಯಾದ್ರೂ ಇರ್ಲಿ. ಅವಸರದಲ್ಲಿ ಒಬ್ಬರ ಕೈಗೇ ಎಲ್ಲ ಬಿಟ್ರೆ ಕದಿಯದವ್ರ ಮೇಲೂ ಅನುಮಾನ ಬರ್ತದೆ.

ಇನ್ನೊಂದು ವಿಷ್ಯ, ದಯವಿಟ್ಟು ಇದನ್ನ ಹಗುರವಾಗಿ ತಗೋಬೇಡಿ. ಹಂಚೋ ಅಧಿಕಾರ ಇರೋ ಮನುಷ್ಯನ ಕೈಲಿ ಹಸಿದವ್ರ ಬದುಕೇ ಇರ್ತದೆ. 2002ರಲ್ಲಿ ಪಶ್ಚಿಮ ಆಫ್ರಿಕಾದ ನಿರಾಶ್ರಿತರ ಶಿಬಿರಗಳಲ್ಲಿ ಪರಿಹಾರ ಕೆಲಸದವ್ರೇ ರೇಷನ್ ಕೊಡೋಕೆ ಹೆಣ್ಮಕ್ಕಳನ್ನ ದುರುಪಯೋಗ ಮಾಡ್ಕೊಂಡಿದ್ರು ಅನ್ನೋ ವರದಿ ಬಂತು, ಅದಾದ ಮೇಲೆ 2003ರಲ್ಲಿ ವಿಶ್ವಸಂಸ್ಥೆ ಮಹಾ ಕಾರ್ಯದರ್ಶಿ ಕಡೆಯಿಂದ ಕಟ್ಟುನಿಟ್ಟಿನ ನಿಯಮ ಬಂತು. ಹಾಗಾಗಿ ಒಂದೇ ದಿನಕ್ಕೆ ಬಂದ ವಾಲಂಟಿಯರ್ ಆದ್ರೂ, ಹಮಾಲಿ ಆದ್ರೂ, ಡ್ರೈವರ್ ಆದ್ರೂ ನಡವಳಿಕೆ ನಿಯಮನ ಅವರಿಗೆ ಅರ್ಥ ಆಗೋ ಭಾಷೆಲಿ ಓದಿ ಹೇಳಿ ಸಹಿ ತಗೊಳ್ಳಿ. ಹಂಚೋ ಜಾಗದಲ್ಲಿ ಹೆಂಗಸರು ಸಿಬ್ಬಂದಿ ಇರ್ಲೇಬೇಕು, ಪ್ಯಾಡು, ಒಳಬಟ್ಟೆ ಇಂಥದನ್ನ ಗಂಡಸರ ಕೈಯಿಂದ ಇಸ್ಕೊಳ್ಳೋಕೆ ಎಷ್ಟೋ ಜನ ಕ್ಯೂಗೇ ಬರಲ್ಲ. ದೂರು ಹೇಳೋಕೆ ಬೇರೆ ಒಂದು ಟೇಬಲ್ಲು ಇಡಿ, ಹಂಚೋ ತಂಡದವ್ರು ಅಲ್ಲಿ ಕೂರಬಾರದು. ರೇಷನ್ ಪುಕ್ಕಟೆ, ಯಾರಿಗೂ ಏನೂ ಕೊಡ್ಬೇಕಾಗಿಲ್ಲ ಅಂತ ದೊಡ್ಡದಾಗಿ ಬೋರ್ಡು ಹಾಕಿ, ಓದೋಕೆ ಬಾರದವ್ರಿಗೆ ಮೈಕಲ್ಲೂ ಹೇಳಿ.

ಆಮೇಲೆ ಟೆಟನಸ್ ಇಂಜೆಕ್ಷನ್, ಮೊಣಕಾಲುದ್ದದ ಬೂಟು, ಲೈಫ್ ಜಾಕೆಟ್ಟು, ಇನ್ಶೂರೆನ್ಸು. ವಾಲಂಟಿಯರ್ಸ್‌ಗೂ. ನಿಂತ ನೀರಲ್ಲಿ ಬರಿಗಾಲಲ್ಲಿ ಓಡಾಡಿದ್ರೆ ಇಲಿಜ್ವರದ ಭಯ ಇದ್ದೇ ಇರ್ತದೆ.


ಮಳೆಗಾಲದ_ತಯಾರಿ:

ಇಬ್ಬರಿಗೂ ತುಂಬಾ ಧನ್ಯವಾದ, ಆ ನೀರಿನ ಲೆಕ್ಕ ನೋಡಿ ನಾನು ಮತ್ತೆ ಮತ್ತೆ ಗುಣಿಸಿ ನೋಡಿದೆ. ಪಾಳಿಪಟ್ಟಿ ಮೇಡಂ, ಬದಲಿ ಪಟ್ಟಿ ಇವತ್ತೇ ಶುರು ಮಾಡ್ತೀನಿ. ಒಂದು ಕೇಳ್ಬೇಕಿತ್ತು, ಹಂಚಿಕೆಗೆ ಎಷ್ಟು ಜನ, ಎಷ್ಟು ದಿನ ಅಂತ ಯಾರಾದ್ರೂ ಬಿಡಿಸಿ ಹೇಳ್ತೀರಾ? ತಿಂಗಳ ರೇಷನ್ ಒಂದೇ ಸಲ ಕೊಟ್ಟುಬಿಟ್ರೆ ನಮ್ಮ ಕೆಲಸ ಸುಲಭ ಅಲ್ವಾ?


ಗೋಣಿ_ಲೆಕ್ಕ:

ನಿಮಗೆ ಸುಲಭ, ತಗೊಳ್ಳೋರಿಗೆ ಅಲ್ಲ. ಐದು ಜನರ ಕುಟುಂಬಕ್ಕೆ ತಿಂಗಳಿಗೆ 75 ಕೆಜಿ ಆಯ್ತು. ಮನೆ ಮುಳುಗಿ ಶಾಲೇಲೋ, ಏರಿ ಮೇಲೋ ಇರೋರು 75 ಕೆಜಿ ಹೇಗೆ ಹೊತ್ಕೊಂಡು ಹೋಗ್ತಾರೆ, ಎಲ್ಲಿಡ್ತಾರೆ? ಒಬ್ಬಂಟಿ ತಾಯಿ, ವಯಸ್ಸಾದವ್ರು ಇದ್ರೆ ಅರ್ಧ ಅಲ್ಲೇ ಮಾರಿ ಹೋಗ್ಬೇಕಾಗ್ತದೆ. ವಾರಕ್ಕೊಂದು ಸಲ ಅಂದ್ರೆ 17-18 ಕೆಜಿ, ಅದು ಹೊರೋಕೆ ಆಗೋ ತೂಕ. ಆದ್ರೆ ಆಗ ನೀವು ನಾಲ್ಕು ಸಲ ಹಂಚ್ಬೇಕು.

ಒಂದು ಟೇಬಲ್ಲಿಗೆ ಒಂದು ಕುಟುಂಬಕ್ಕೆ ಎರಡು ನಿಮಿಷ ಅಂತ ಇಟ್ಕೊಳ್ಳಿ, ಹೆಸರು ನೋಡಿ, ಹೆಬ್ಬೆಟ್ಟೋ ಸಹಿನೋ ತಗೊಂಡು, ಸಾಮಾನು ಕೊಡೋಕೆ. ಗಂಟೆಗೆ 30, ಆರು ಗಂಟೆಗೆ 180. ನಾಲ್ಕು ಟೇಬಲ್ಲು ಅಂದ್ರೆ ದಿನಕ್ಕೆ 720. ಅಲ್ಲಿಗೆ 2,000 ಕುಟುಂಬಕ್ಕೆ ಮೂರು ದಿನ. ನಾಲ್ಕು ಸುತ್ತಿಗೆ ತಿಂಗಳಲ್ಲಿ ಹನ್ನೆರಡು ದಿನ ಹಂಚಿಕೆಲೇ ಹೋಗ್ತದೆ. ಪ್ರತಿ ಟೇಬಲ್ಲಿಗೆ ನಾಲ್ಕು ಜನ, ಕ್ಯೂಗೆ ಆರು, ಪಟ್ಟಿಲಿ ಹೆಸರಿಲ್ಲ ಅಂತ ಬರೋರನ್ನ ಕೇಳೋಕೆ ಇಬ್ಬರು, ಹೊತ್ಕೊಡೋಕೆ ನಾಲ್ಕು ಜನ, ಸ್ಟಾಕಿಗೆ ಇಬ್ಬರು, ಅಲ್ಲಿಗೆ 30. ಮಧ್ಯದ ದಾರಿ ಅಂದ್ರೆ ಹದಿನೈದು ದಿನಕ್ಕೊಂದ್ಸಲ, ಮೊದಲ ಸಲ ಮಾತ್ರ ವಾರದ್ದು ಕೊಟ್ಟು ಪಟ್ಟಿ ಸರಿ ಮಾಡ್ಕೊಳ್ಳೋದು. ನಾನಾದ್ರೆ ಹಾಗೇ ಮಾಡ್ತೀನಿ.

ಟೋಕನ್ ಮೇಲೆ ದಿನ ಮತ್ತೆ ಸಮಯ ಬರೆದು ಹಿಂದಿನ ದಿನನೇ ಕೊಡಿ. ಎಲ್ರೂ ಬೆಳಗ್ಗೆ ಆರಕ್ಕೇ ಬಂದು ನಿಂತ್ರೆ ತಳ್ಳಾಟ ಆಗ್ತದೆ, ಮಕ್ಕಳು ಸಿಕ್ಕಾಕ್ಕೊಳ್ತಾರೆ.


ದೋಣಿ_ದಾರಿ:

ರಸ್ತೆ ಬಗ್ಗೆ ಕೇಳಿದ್ರಲ್ಲ. 2019ರ ಮಾರ್ಚ್ 14ರ ರಾತ್ರಿ ಇಡಾಯ್ ಚಂಡಮಾರುತ ಮೊಜಾಂಬಿಕ್ ದೇಶದ ಬೈರಾ ಊರಿನ ಹತ್ರ ದಡಕ್ಕೆ ಹೊಡೀತು, ಒಳನಾಡಿನ ನದಿಗಳು ಉಕ್ಕಿ ಬೈರಾಕ್ಕೆ ಹೋಗೋ ಮುಖ್ಯ ಹೆದ್ದಾರಿ ಕಡಿದು ಹೋಯ್ತು. ಅಲ್ಲಿ ಕೆಲಸ ಉಳಿಸಿದ್ದು ಊರಿನ ವಿಮಾನ ನಿಲ್ದಾಣ, ಎಲ್ಲ ಸಂಸ್ಥೆಗಳೂ ಅಲ್ಲೇ ಕೂತು ಕೆಲಸ ಮಾಡಿದ್ವು, ಅಲ್ಲಿಂದ ಹೆಲಿಕಾಪ್ಟರು, ದೋಣಿ. ಆದ್ರೆ ಹೆಲಿಕಾಪ್ಟರ್ ಅಂದ ತಕ್ಷಣ ಕನಸು ಕಾಣಬೇಡಿ, ಪರಿಹಾರ ಕೆಲಸಕ್ಕೆ ಜಾಸ್ತಿ ಬಳಸೋ ಎಂಐ-8 ಒಂದು ಸಲಕ್ಕೆ ಹೊರೋದು ಮೂರು-ನಾಲ್ಕು ಟನ್ ಅಷ್ಟೆ, ಖರ್ಚು ವಿಪರೀತ. ನಿಮ್ಮ 150 ಟನ್ ಅದ್ರಲ್ಲಿ ಹೋಗೋಕೆ 40-50 ಟ್ರಿಪ್ಪು ಬೇಕು. ಅದು ಪೂರ್ತಿ ಕಡಿದು ಹೋದ ಜಾಗಕ್ಕೆ, ಔಷಧಿಗೆ, ರೋಗಿಗಳನ್ನ ತರೋಕೆ.

ನೆರೆಯಲ್ಲಿ ನಿಜವಾಗಿ ಕೆಲಸಕ್ಕೆ ಬರೋದು ಲಾರಿಯಿಂದ ದೋಣಿಗೆ, ದೋಣಿಯಿಂದ ಟ್ರ್ಯಾಕ್ಟರಿಗೆ ಬದಲಿಸೋ ಜಾಗ. ಅದನ್ನ ಮಳೆಗೆ ಮುಂಚೆನೇ ಹೋಗಿ ನೋಡಿಟ್ಕೊಳ್ಳಿ, ದೋಣಿಯವ್ರ ಹತ್ರ ದರ ಮಾತಾಡಿ ಒಪ್ಪಂದ ಮಾಡ್ಕೊಳ್ಳಿ, ನೀರು ಬಂದ ಮೇಲೆ ಮಾತಾಡೋಕೆ ಹೋದ್ರೆ ಎಲ್ಲ ಸಂಸ್ಥೆಗಳೂ ಅದೇ ದೋಣಿ ಹಿಂದೆ ಇರ್ತವೆ. ಒಂದು ಟನ್ ಹೊರೋ ದೋಣಿ ಆದ್ರೆ ಒಂದು ಲಾರಿ ಲೋಡಿಗೆ ಹತ್ತು ಟ್ರಿಪ್ಪು. ಎರಡೂ ದಡದಲ್ಲಿ ಹಮಾಲರು ಬೇಕು, ಎರಡೂ ದಡದಲ್ಲಿ ಎಣಿಸೋರು ಬೇಕು, ಆ ದಡದ ಎಣಿಕೆಗೆ ಬೇರೆ ವೇಬಿಲ್ಲು. 50 ಕೆಜಿ ಮೂಟೆ ದೋಣಿಗೆ ಬೇಡ, 25ರದ್ದು ತಗೊಳ್ಳಿ, ಒಳಗೆ ಪ್ಲಾಸ್ಟಿಕ್ ಲೈನಿಂಗ್ ಇರೋದು.

ಡ್ರೈವರ್‌ಗಳಿಗೆ ಒಂದೇ ನಿಯಮ. ರಸ್ತೆ ಮೇಲೆ ನೀರು ಹರೀತಿದ್ರೆ ನಿಲ್ಲಿಸಿ ವಾಪಸ್ ಬರ್ಬೇಕು, ಯಾರೂ ಬಯ್ಯಲ್ಲ. ಒಂದಡಿ ಹರಿಯೋ ನೀರು ಸಣ್ಣ ಕಾರನ್ನ ತೇಲಿಸ್ತದೆ, ಎರಡಡಿ ಇದ್ರೆ ಹೆಚ್ಚಿನ ಗಾಡಿಗಳನ್ನೇ ಎಳ್ಕೊಂಡು ಹೋಗ್ತದೆ. ಕತ್ತಲಾದ ಮೇಲೆ ಟ್ರಿಪ್ಪು ಇಲ್ಲ. ಲೋಡು ನಾಳೆ ತಲುಪ್ಲಿ, ಡ್ರೈವರ್ ಬದುಕಿರ್ಬೇಕು.


ಮುಂಚಿತ_ಹೆಜ್ಜೆ:

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಎಲ್ಲರೂ ಟನ್ನು ಟನ್ನು ಅಂತ ಬರೀತಿದೀರಿ, ಅಷ್ಟು ಟನ್ ಸಾಗಿಸ್ಬೇಕಾ ಅನ್ನೋದನ್ನೇ ಮೊದ್ಲು ಕೇಳಿ. ನದಿ ನೆರೆ ಭೂಕಂಪದ ಹಾಗಲ್ಲ, ಕೆಲವು ದಿನ ಮುಂಚೆ ಸುಳಿವು ಸಿಗ್ತದೆ. 2010ರಲ್ಲಿ ಪಾಕಿಸ್ತಾನದಲ್ಲಿ ಜುಲೈ ಕೊನೆಗೆ ಉತ್ತರದಲ್ಲಿ ಶುರುವಾದ ನೀರು ಸಿಂಧೂ ನದಿ ಹಿಡ್ಕೊಂಡು ದಕ್ಷಿಣದ ಸಿಂಧ್ ಮುಳುಗಿಸೋಕೆ ವಾರಗಳೇ ತಗೊಂಡಿತ್ತು, ಒಟ್ಟು ಎರಡು ಕೋಟಿ ಹತ್ರ ಜನ ಸಂತ್ರಸ್ತರಾದ್ರು. ಕೆಳಗಿನ ಊರಿನವ್ರಿಗೆ ಆ ವಾರಗಳೇ ತಯಾರಿಗೆ ಸಿಗೋ ಕಾಲ. 2020ರ ಜುಲೈನಲ್ಲಿ ಬಾಂಗ್ಲಾದೇಶದ ಜಮುನಾ ನದಿಗೆ ಮುನ್ಸೂಚನೆ ಬಂದ ತಕ್ಷಣ, ನೀರು ತುತ್ತತುದಿ ಮುಟ್ಟೋಕೆ ಮುಂಚೆನೇ ವಿಶ್ವಸಂಸ್ಥೆ ತುರ್ತು ನಿಧಿಯಿಂದ 52 ಲಕ್ಷ ಡಾಲರ್ ಬಿಡುಗಡೆ ಆಯ್ತು, ಕುಟುಂಬಗಳಿಗೆ ಮೊಬೈಲಿಗೇ ದುಡ್ಡು, ದನಕರುಗೆ ಮೇವು, ಹೆಣ್ಮಕ್ಕಳಿಗೆ ಕಿಟ್ಟು ಹೋಯ್ತು. ಜನ ಆ ದುಡ್ಡಲ್ಲಿ ತಾವೇ ದವಸ ಕೊಂಡ್ರು, ದನ ಸಾಗಿಸಿದ್ರು. ದುಡ್ಡಿಗೆ ಲಾರಿ ಬೇಕಾಗಿಲ್ಲ, ಹಮಾಲಿ ಬೇಕಾಗಿಲ್ಲ.

ಅಂಗಡಿಗಳು ತೆರೆದಿದ್ರೆ, ಸಾಮಾನು ಇದ್ರೆ, ಎರಡನೇ ವಾರದಿಂದ ನಗದಿಗೆ ಬದಲಾಯಿಸೋ ಪ್ಲಾನ್ ಇಟ್ಕೊಳ್ಳಿ. ಅದಕ್ಕೆ ನಿಮಗೆ ಬೇಕಾಗೋದು ಮಾರುಕಟ್ಟೆ ಸುತ್ತಿ ದರ ಬರ್ಕೊಂಡು ಬರೋ ಇಬ್ಬರು, ಪಟ್ಟಿ ಸರಿ ನೋಡೋರು, ಫೋನಲ್ಲಿ ದೂರು ಕೇಳೋರು.


ಗೋಣಿ_ಲೆಕ್ಕ:

ಒಪ್ತೀನಿ, ಆದ್ರೆ ಮೊದಲ ಹತ್ತು ದಿನಕ್ಕೆ ನಗದು ನೆಚ್ಕೋಬೇಡಿ. ಅಂಗಡಿಗೂ ನೀರು ನುಗ್ಗಿರ್ತದೆ, ಟವರ್ ಬಿದ್ದಿರ್ತದೆ. ಟಾರ್ಪಾಲು, ಕ್ಲೋರಿನ್ನು ಅಂತೂ ಏಕಾಏಕಿ 2,000 ಕುಟುಂಬಕ್ಕೆ ಆಗೋಷ್ಟು ಯಾವ ಊರ ಅಂಗಡಿಲೂ ಇರಲ್ಲ. ಹಾಗಾಗಿ ಈ ಎರಡನ್ನ ಎತ್ತರದ ಜಾಗದಲ್ಲಿ ಮುಂಚೆನೇ ತಂದಿಡಿ, ದವಸಕ್ಕೆ ಸಪ್ಲೈಯರ್ ಜೊತೆ ದರ ಒಪ್ಪಂದ ಮಾತ್ರ ಮಾಡಿಟ್ಕೊಳ್ಳಿ, ಕೊಳ್ಳೋದು ಬೇಡ, ಇಟ್ರೆ ಹುಳ ಹಿಡೀತದೆ. ಮುಂಚಿತಹೆಜ್ಜೆ ಹೇಳಿದ ಹಾಗೆ ಆಮೇಲೆ ನಗದಿಗೆ ಹೋದ್ರೆ 150 ಟನ್ 50-60ಕ್ಕೆ ಇಳೀತದೆ.


ಮಳೆಗಾಲದ_ತಯಾರಿ:

ಇದು ನನಗೆ ಹೊಳೆದೇ ಇರ್ಲಿಲ್ಲ, ತುಂಬಾ ಉಪಕಾರ ಆಯ್ತು. ಕೊನೇದಾಗಿ ಆ ಕೇಳದೇ ಬರೋ ಸಾಮಾನಿನ ಬಗ್ಗೆ ಯಾರೂ ಬರೀಲಿಲ್ಲ. ಜನ ಪ್ರೀತಿಯಿಂದ ಕಳಿಸ್ತಾರೆ, ಬೇಡ ಅನ್ನೋಕೆ ಮನಸ್ಸು ಬರಲ್ಲ. ಮತ್ತೆ ಕ್ಲೋರಿನ್ ಪುಡಿ ಇಡೋಕೆ ನಮ್ಮ ಗೋದಾಮಲ್ಲಿ ಒಂದು ಮೂಲೆ ಇದೆ, ಪಕ್ಕದಲ್ಲೇ ಜನರೇಟರ್ ಡೀಸೆಲ್ ಇಡೋದು, ಪರ್ವಾಗಿಲ್ವಾ?


ಪಾಳಿ_ಪಟ್ಟಿ:

ಬಟ್ಟೆಗೆ: ಬೇಕಾದ್ದು, ಬೇಡದ್ದು ಎರಡೂ ಬರೆದಿರೋ ಪಟ್ಟಿನ ಮೊದಲ ದಿನವೇ ಹೊರಗೆ ಹಾಕಿ. ಬಂದಿರೋದನ್ನ ಮುಖ್ಯ ಗೋದಾಮಿಗೆ ಬಿಡ್ಕೋಬೇಡಿ, ಬೇರೆ ಜಾಗ, ಬೇರೆ ತಂಡ. ಒಂದು ಲಾರಿ ಹಳೇ ಬಟ್ಟೆ ವಿಂಗಡಿಸೋಕೆ ಇಪ್ಪತ್ತು ಜನ ದಿನಗಟ್ಟಲೆ ಕೂರ್ಬೇಕು, ಅದೇ ಇಪ್ಪತ್ತು ಜನ ಹಂಚಿಕೆಲಿ ಇದ್ದಿದ್ರೆ ಎಷ್ಟು ಮನೆಗೆ ಊಟ ತಲುಪ್ತಿತ್ತು. ಕಳಿಸೋರಿಗೆ ಇದನ್ನ ಬಿಡಿಸಿ ಹೇಳಿದ್ರೆ ಬೇಜಾರು ಮಾಡ್ಕೊಳ್ಳಲ್ಲ, ಹೆಚ್ಚಿನವ್ರು ಹಾಗಾದ್ರೆ ದುಡ್ಡೇ ಕೊಡ್ತೀವಿ ಅಂತಾರೆ.

ಔಷಧಿ ಮಾತ್ರ ಖಡಾಖಂಡಿತ. ವಿಶ್ವ ಆರೋಗ್ಯ ಸಂಸ್ಥೆ ಮಾರ್ಗಸೂಚಿ ಪ್ರಕಾರ ಕೇಳದೇ ಕಳಿಸಂಗಿಲ್ಲ, ತಲುಪಿದಾಗ ಕನಿಷ್ಠ ಒಂದು ವರ್ಷ ಅವಧಿ ಉಳಿದಿರ್ಬೇಕು, ಅಲ್ಲಿನ ಆರೋಗ್ಯ ಸಿಬ್ಬಂದಿಗೆ ಅರ್ಥ ಆಗೋ ಭಾಷೆಲಿ ಲೇಬಲ್ ಇರ್ಬೇಕು. ಬಾಸ್ನಿಯಾ ಯುದ್ಧದ ಕಾಲದಲ್ಲಿ, 1992ರಿಂದ 96ರ ನಡುವೆ, ಕೆಲಸಕ್ಕೆ ಬಾರದ ಔಷಧಿ ಸುಮಾರು 17,000 ಟನ್ ಬಂದು ಬಿದ್ದಿತ್ತು ಅಂತ ಅಂದಾಜು, ಅದನ್ನ ನಾಶ ಮಾಡೋದೇ ದೊಡ್ಡ ಖರ್ಚು. ಫಾರ್ಮಸಿಸ್ಟ್ ಇಲ್ದೆ ಔಷಧಿ ಡಬ್ಬ ಇಳಿಸ್ಕೋಬೇಡಿ. ಬೇಕಿದ್ರೆ ತುರ್ತು ಆರೋಗ್ಯ ಕಿಟ್ ಅಂತ ಇದೆ, ಒಂದು ಪೂರ್ತಿ ಕಿಟ್ 10,000 ಜನಕ್ಕೆ ಮೂರು ತಿಂಗಳಿಗೆ ಅಂತಲೇ ಮಾಡಿರೋದು, ನಿಮ್ಮ ಸಂಖ್ಯೆಗೆ ಸರಿಯಾಗಿ ಕೂರ್ತದೆ, ಸರ್ಕಾರಿ ಆರೋಗ್ಯ ಇಲಾಖೆ ಮೂಲಕ ಕೇಳಿ.


ಗೋಣಿ_ಲೆಕ್ಕ:

ಕ್ಲೋರಿನ್ ಪಕ್ಕ ಡೀಸೆಲ್ ಬೇಡವೇ ಬೇಡ ಸರ್, ಇವತ್ತೇ ಬೇರೆ ಮಾಡಿ. ಕ್ಯಾಲ್ಸಿಯಂ ಹೈಪೋಕ್ಲೋರೈಟ್ ತಾನು ಉರಿಯಲ್ಲ, ಆದ್ರೆ ಎಣ್ಣೆ, ಡೀಸೆಲ್ಲು, ಗ್ರೀಸು, ಬಟ್ಟೆಚೂರು ತಾಗಿದ್ರೆ ಬೆಂಕಿ ಹತ್ತಿಸ್ತದೆ, ಆಸಿಡ್ ತಾಗಿದ್ರೆ ವಿಷದ ಗಾಳಿ ಬಿಡ್ತದೆ. ವಿಮಾನದಲ್ಲಿ ಕಳಿಸೋಕೂ ಅಪಾಯಕಾರಿ ಸರಕು ಅಂತ ಬೇರೆ ಕಾಗದಪತ್ರ ಬೇಕು. ಆಹಾರ, ಔಷಧಿ, ಕಬ್ಬಿಣದ ಸಾಮಾನು ಇದ್ಯಾವುದೂ ಹತ್ರ ಇರ್ಬಾರದು, ಒಣಗಿರೋ, ಗಾಳಿ ಆಡೋ ಬೇರೆ ರೂಮು, ನೆಲದಿಂದ ಮೇಲೆ, ಮುಚ್ಚಳ ಗಟ್ಟಿ. ಡಬ್ಬ ತೆರೆಯೋರಿಗೆ ಕನ್ನಡಕ, ಮಾಸ್ಕು, ರಬ್ಬರ್ ಗವಸು. ಯಾವಾಗ್ಲೂ ನೀರಿಗೆ ಪುಡಿ ಹಾಕ್ಬೇಕು, ಪುಡಿಗೆ ನೀರು ಸುರಿಯಬಾರದು. ಕೀಲಿ ನೀರಿನ ಆಪರೇಟರ್ ಮತ್ತೆ ಸ್ಟೋರ್ ಕೀಪರ್ ಇಬ್ಬರ ಹತ್ರ ಮಾತ್ರ. ಪೌಡರ್ ಹಳೇದಾದ್ರೆ ಶಕ್ತಿ ಕಮ್ಮಿ ಆಗ್ತದೆ, ಅದಕ್ಕೆ ಡಬ್ಬದ ಮೇಲಿನ ತಾರೀಕು ನೋಡಿ ಹಳೇದನ್ನ ಮೊದ್ಲು ಖಾಲಿ ಮಾಡಿ.

ಮತ್ತೊಂದು ನೆನಪಾಯ್ತು. ದೊಡ್ಡ ನೆರೆ ಆದ್ರೆ ವಿಶ್ವ ಆಹಾರ ಕಾರ್ಯಕ್ರಮದವ್ರು ನಡೆಸೋ ಲಾಜಿಸ್ಟಿಕ್ಸ್ ಕ್ಲಸ್ಟರ್ (ಪರಿಹಾರ ಸಂಸ್ಥೆಗಳೆಲ್ಲ ಸೇರಿ ಸಾಗಾಣಿಕೆ ಹೊಂದಿಸ್ಕೊಳ್ಳೋ ಕೂಟ) ಮೀಟಿಂಗ್ ನಡೀಬಹುದು, ಯಾವ ರಸ್ತೆ ತೆರೆದಿದೆ, ಯಾವ ಸೇತುವೆ ಎಷ್ಟು ಟನ್ ತಡೀತದೆ ಅನ್ನೋ ಮ್ಯಾಪು ಅಲ್ಲಿ ಸಿಗ್ತದೆ, ಕೆಲವು ಸಲ ಗೋದಾಮಿನ ಜಾಗನೂ ಹಂಚ್ಕೊಳ್ತಾರೆ. ಸಣ್ಣ ಸಂಸ್ಥೆ ಅಂತ ಹಿಂಜರೀಬೇಡಿ, ಒಬ್ಬರನ್ನ ದಿನಾ ಅಲ್ಲಿಗೆ ಕಳಿಸಿ, ಆ ಒಬ್ಬರನ್ನೂ ನಿಮ್ಮ ಪಾಳಿ ಪಟ್ಟಿಲಿ ಸೇರಿಸ್ಕೊಳ್ಳಿ.